ಕಾಡಿನಲ್ಲಿ ಅಚ್ಚಾದ ರೂಪಾಯಿ: ಜರ್ಮನ್ ಪೂರ್ವ ಆಫ್ರಿಕಾದ ಹಳೇ ನೋಟುಗಳನ್ನು ಓದುವ ಬಗೆ

ನನ್ನ ಸಂಗ್ರಹದ ಒಂದು ನೋಟನ್ನು ಮನೆಗೆ ಬಂದವರಿಗೆ ತೋರಿಸಿದರೆ ಹೆಚ್ಚಿನವರು ಅದನ್ನು ರಸೀದಿ ಅಂದುಕೊಳ್ಳುತ್ತಾರೆ. ರಾಜನ ಮುಖ ಇಲ್ಲ. ಬಣ್ಣದ ಬಳ್ಳಿ ಚಿತ್ತಾರ ಇಲ್ಲ. ಒರಟು ಕಾಗದದ ಮೇಲೆ ಕಪ್ಪು ಅಕ್ಷರ, ಕೆಳಗೆ ಶಾಯಿಯಲ್ಲಿ ಹಾಕಿದ ಎರಡು ಸಹಿ, ಅಷ್ಟೇ. ಭಾಷೆ ಜರ್ಮನ್. ಆದರೆ ನಡುವೆ ದೊಡ್ಡದಾಗಿ ಇರುವ ಎರಡು ಪದಗಳಲ್ಲಿ ಒಂದು ನಮಗೆಲ್ಲ ಗೊತ್ತಿರುವುದೇ: ‘ಐನೆ ರೂಪಿಯೆ’. ಅಂದರೆ ಒಂದು ರೂಪಾಯಿ.

ದಿನಾಂಕ 1 ನವೆಂಬರ್ 1915. ಅಚ್ಚಾದದ್ದು ಇಂದಿನ ಟಾಂಜಾನಿಯಾದಲ್ಲಿ.

ಜರ್ಮನ್ನರು ಆಫ್ರಿಕಾದಲ್ಲಿ ಕೂತು ರೂಪಾಯಿ ಯಾಕೆ ಅಚ್ಚು ಹಾಕಿದರು? ಅದೂ ಇಷ್ಟು ಬಡ ಕಾಗದದ ಮೇಲೆ? ಹಳೇ ವಿದೇಶಿ ನೋಟು ಸಂಗ್ರಹಿಸಲು ಶುರು ಮಾಡುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಈ ವಸಾಹತಿನ ನೋಟುಗಳನ್ನು ದಿನಾಂಕದ ಪ್ರಕಾರ ಸಾಲಾಗಿ ಇಟ್ಟು ನೋಡಿ. ಒಂದು ಸರ್ಕಾರ ವರ್ಷದಿಂದ ವರ್ಷಕ್ಕೆ ಹೇಗೆ ಕುಗ್ಗುತ್ತಾ ಹೋಯಿತು ಅನ್ನುವುದು ಕಾಗದದಲ್ಲೇ ಕಾಣುತ್ತದೆ. ಬೆಲೆ, ಅಪರೂಪ, ಗ್ರೇಡ್ (ನೋಟು ಎಷ್ಟು ಚೆನ್ನಾಗಿ ಉಳಿದಿದೆ ಎಂಬ ದರ್ಜೆ) ಎಲ್ಲ ಆಮೇಲೆ. ಮೊದಲು ಕಾಗದ ನೋಡಲು ಕಲಿಯಬೇಕು.

ರೂಪಾಯಿ ಅಲ್ಲಿಗೆ ಹೋದದ್ದು

ಜರ್ಮನ್ ಪೂರ್ವ ಆಫ್ರಿಕಾ ಅಂದರೆ ಇಂದಿನ ಟಾಂಜಾನಿಯಾದ ಮುಖ್ಯ ಭೂಭಾಗ, ರುವಾಂಡಾ ಮತ್ತು ಬುರುಂಡಿ. ಜರ್ಮನ್ನರು 1880ರ ದಶಕದಲ್ಲಿ ಅಲ್ಲಿಗೆ ಕಾಲಿಡುವ ಹೊತ್ತಿಗೆ ಕರಾವಳಿಯ ಪೇಟೆಗಳಲ್ಲಿ ರೂಪಾಯಿ ಓಡಾಡುತ್ತಿತ್ತು. ಜಂಜಿಬಾರ್, ಬಾಗಮೊಯೊ, ಮೊಂಬಾಸಾ ಎಲ್ಲ ಕಡೆ ಕಚ್ಛ್ ಮತ್ತು ಗುಜರಾತಿನ ವ್ಯಾಪಾರಿಗಳಿದ್ದರು. ದಂತ, ಲವಂಗ, ಬಟ್ಟೆ ವ್ಯಾಪಾರಕ್ಕೆ ಸಾಲ ಕೊಡುತ್ತಿದ್ದವರು ಅವರೇ. ಮಳೆಗಾಲದ ಗಾಳಿಯ ಜೊತೆ ಹಾಯಿ ಹಡಗುಗಳು ಬಂದು ಹೋಗುತ್ತಿದ್ದವು. ಅವುಗಳ ಜೊತೆ ಬೆಳ್ಳಿ ರೂಪಾಯಿಯೂ ಬಂತು, ತಾಮ್ರದ ಪೈಸೆಯೂ ಬಂತು.

ಜನ ನಂಬುವ ನಾಣ್ಯವನ್ನು ಕಿತ್ತುಹಾಕಿ ಜರ್ಮನಿಯ ಹಣವಾದ ಮಾರ್ಕ್ ತರುವುದು ಸುಲಭ ಇರಲಿಲ್ಲ. ಹಾಗಾಗಿ ಜರ್ಮನ್ ಈಸ್ಟ್ ಆಫ್ರಿಕಾ ಕಂಪನಿ 1890ರಿಂದ ತನ್ನದೇ ರೂಪಾಯಿ ಹೊರಡಿಸಿತು. ತೂಕ, ಬೆಳ್ಳಿಯ ಪ್ರಮಾಣ ಎರಡೂ ನಮ್ಮ ರೂಪಾಯಿಯದ್ದೇ. ವಿಕ್ಟೋರಿಯಾ ರಾಣಿಯ ಜಾಗದಲ್ಲಿ ಹದ್ದಿನ ಶಿರಸ್ತ್ರಾಣ ತೊಟ್ಟ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್ ಬಂದ. ಒಂದು ರೂಪಾಯಿಗೆ 64 ‘ಪೆಸಾ’. ನಮ್ಮ ಹಳೇ ಲೆಕ್ಕದಲ್ಲೂ ರೂಪಾಯಿಗೆ 64 ಪೈಸೆಯೇ ಅಲ್ವಾ? ತಾಮ್ರದ ಪೆಸಾ ನಾಣ್ಯದ ಒಂದು ಮುಖದಲ್ಲಿ ಅರಬ್ಬಿ ಬರಹ ಇದೆ. ಅದು ಇವತ್ತಿಗೂ ಕಡಿಮೆ ದುಡ್ಡಿಗೆ ಸಿಗುತ್ತದೆ. ಈ ನೋಟುಗಳನ್ನು ಸಂಗ್ರಹಿಸುವವರು ಜೊತೆಗೆ ಒಂದು ಪೆಸಾ ಇಟ್ಟುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಕಥೆ ಶುರುವಾಗುವುದು ಅಲ್ಲಿಂದ.

1904ರಲ್ಲಿ ನಾಣ್ಯದ ಅಧಿಕಾರವನ್ನು ವಸಾಹತು ಸರ್ಕಾರ ತಾನೇ ತೆಗೆದುಕೊಂಡಿತು. ಪೆಸಾ ಹೋಯಿತು, ರೂಪಾಯಿಗೆ 100 ‘ಹೆಲ್ಲರ್’ ಆಯಿತು. 15 ರೂಪಾಯಿಗೆ 20 ಮಾರ್ಕ್ ಎಂದು ದರ ಗೊತ್ತು ಮಾಡಿದರು. ಈ 15 ಎಲ್ಲಿಂದ ಬಂತು? ಆಗ ಭಾರತದಲ್ಲಿ 15 ರೂಪಾಯಿಗೆ ಒಂದು ಬ್ರಿಟಿಷ್ ಪೌಂಡ್. ಒಂದು ಪೌಂಡು 20 ಮಾರ್ಕಿಗಿಂತ ಸ್ವಲ್ಪ ಮಾತ್ರ ಜಾಸ್ತಿ. ಜರ್ಮನ್ನರು ಲೆಕ್ಕ ಹಾಕಿದ್ದು ಬರ್ಲಿನ್ನಿನಲ್ಲೇ ಇರಬಹುದು, ಆದರೆ ಅವರ ರೂಪಾಯಿ ನಮ್ಮ ರೂಪಾಯಿಯ ಪಕ್ಕದಲ್ಲೇ ನಡೆಯಿತು.

1905: ಚೆಂದದ ನೋಟುಗಳು

ಡಾಯ್ಚ್-ಓಸ್ಟ್‌ಆಫ್ರಿಕಾನಿಷೆ ಬಾಂಕ್, ಅಂದರೆ ಜರ್ಮನ್ ಪೂರ್ವ ಆಫ್ರಿಕಾ ಬ್ಯಾಂಕು, 1905ರಲ್ಲಿ ಶುರುವಾಯಿತು. ಅದರ ಮೊದಲ ನೋಟುಗಳ ಮೇಲೆ 15 ಜೂನ್ 1905 ಎಂಬ ದಿನಾಂಕ ಇದೆ. 5, 10, 50 ಮತ್ತು 100 ರೂಪಾಯಿ. ಅಚ್ಚು ಹಾಕಿದ್ದು ಲೈಪ್ಜಿಗ್‌ನ ಗೀಸೆಕೆ ಆಂಡ್ ಡೆವ್ರಿಯೆಂಟ್. ನೋಟು ಮುದ್ರಣದಲ್ಲಿ ಆ ಕಂಪನಿಯದ್ದು ಇಂದಿಗೂ ದೊಡ್ಡ ಹೆಸರು.

ಇವು ನಿಜಕ್ಕೂ ಚೆಂದದ ನೋಟುಗಳು. 5 ರೂಪಾಯಿಯಲ್ಲಿ ಸಿಂಹಗಳು. 10 ರೂಪಾಯಿಯಲ್ಲಿ ದಾರ್ ಎಸ್ ಸಲಾಮ್ ಬಂದರಿನ ನೋಟ. ದೊಡ್ಡ ಮೊತ್ತದವುಗಳ ಮೇಲೆ ಸಮವಸ್ತ್ರ ತೊಟ್ಟ ಕೈಸರ್. 1912ರಲ್ಲಿ 500 ರೂಪಾಯಿಯ ನೋಟೂ ಬಂತು. ಅದು ಈಗ ದೊಡ್ಡ ಹರಾಜುಗಳಲ್ಲಿ ಅಪರೂಪಕ್ಕೆ ಕಾಣುತ್ತದೆ. ಸಾಮಾನ್ಯ ಸಂಗ್ರಾಹಕರು ಅದನ್ನು ಚಿತ್ರದಲ್ಲಿ ನೋಡಿ ಖುಷಿಪಡುವುದೇ ಸರಿ.

ಆದರೆ 15 ಜೂನ್ 1905 ಎಂಬ ದಿನಾಂಕವನ್ನು ನಾನು ಸುಮ್ನೆ ದಾಟಿ ಹೋಗಲಾರೆ. ಅದಾದ ಮುಂದಿನ ತಿಂಗಳೇ, ಜುಲೈಯಲ್ಲಿ, ಮಾಟುಂಬಿ ಬೆಟ್ಟಗಳ ಜನ ಬಲವಂತದ ಹತ್ತಿ ಗಿಡಗಳನ್ನು ಕಿತ್ತೆಸೆದರು. ಅದೇ ಮಾಜಿ ಮಾಜಿ ದಂಗೆ. ಸ್ವಾಹಿಲಿಯಲ್ಲಿ ‘ಮಾಜಿ’ ಎಂದರೆ ನೀರು. ಮಂತ್ರಿಸಿದ ನೀರು ಜರ್ಮನ್ ಗುಂಡುಗಳನ್ನು ನೀರಾಗಿಸುತ್ತದೆ ಎಂದು ಕಿಂಜಿಕಿಟಿಲೆ ಎಂಬಾತ ಹೇಳಿದ್ದ. ಜನ ನಂಬಿದರು. ಜರ್ಮನ್ನರು ಅವನನ್ನು ಗಲ್ಲಿಗೇರಿಸಿದರು. ದಂಗೆ 1907ರವರೆಗೂ ನಡೆಯಿತು. ಅದನ್ನು ಮುರಿಯಲು ಜರ್ಮನ್ ಪಡೆ ಬೆಳೆಯನ್ನೂ ಕಣಜವನ್ನೂ ಸುಟ್ಟಿತು. ಸತ್ತವರ ಅಂದಾಜು 75 ಸಾವಿರದಿಂದ 3 ಲಕ್ಷದವರೆಗೆ ಇದೆ. ಹೆಚ್ಚಿನವರು ಸತ್ತದ್ದು ಹಸಿವಿನಿಂದ.

ಇದಕ್ಕೂ ನೋಟಿಗೂ ಏನು ಸಂಬಂಧ? ಇದೆ. ವಸಾಹತು ಸರ್ಕಾರ ಗುಡಿಸಲಿಗೆ ತೆರಿಗೆ ಹಾಕಿತ್ತು. ತೆರಿಗೆ ಕಟ್ಟಲು ರೂಪಾಯಿ ಬೇಕು. ರೂಪಾಯಿ ಬೇಕೆಂದರೆ ಬಿಳಿಯರ ತೋಟದಲ್ಲೋ ರೈಲು ಹಳಿಯ ಮೇಲೋ ದುಡಿಯಬೇಕು. ಜನರನ್ನು ಕೂಲಿಗೆ ಎಳೆಯುವ ಹಗ್ಗ ಆಗಿತ್ತು ಈ ಹಣ. ಸಿಂಹದ ಚಿತ್ರ ನೋಡುವಾಗ ಅದೂ ನೆನಪಿರಬೇಕು ಅಂತ ನನಗನಿಸುತ್ತದೆ. ಈ ನೋಟುಗಳ ಬಗ್ಗೆ ಬರೆಯುವ ಹಲವರು ಕೈಸರನ ಮೀಸೆಯನ್ನು ವರ್ಣಿಸುತ್ತಾರೆ, ತೆರಿಗೆಯ ಮಾತು ಎತ್ತುವುದಿಲ್ಲ.

ಯುದ್ಧ ಬಂತು, ಬೆಳ್ಳಿ ಮಾಯವಾಯಿತು

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ನೌಕಾಪಡೆ ಕರಾವಳಿಯನ್ನು ಮುಚ್ಚಿತು. ಜರ್ಮನ್ ಯುದ್ಧನೌಕೆ ಕೋನಿಗ್ಸ್‌ಬರ್ಗ್ ರುಫೀಜಿ ನದಿಯ ಮುಖಜ ಭೂಮಿಯಲ್ಲಿ ಸಿಕ್ಕಿಕೊಂಡು, 1915ರ ಜುಲೈಯಲ್ಲಿ ಅಲ್ಲೇ ಮುಗಿಯಿತು. ಲೈಪ್ಜಿಗ್‌ನಿಂದ ನೋಟು ಬರುವ ದಾರಿ ಮುಚ್ಚಿಹೋಯಿತು.

ಇಲ್ಲಿ ನಮ್ಮೂರಿನ ಎಳೆಯೊಂದು ಬರುತ್ತದೆ. 1914ರ ನವೆಂಬರ್ ಮೊದಲ ವಾರ ಟಾಂಗಾ ಬಂದರನ್ನು ಹಿಡಿಯಲು ಬ್ರಿಟಿಷರು ಭಾರತದಿಂದ ಸುಮಾರು 8 ಸಾವಿರ ಸೈನಿಕರನ್ನು ಕಳಿಸಿದರು. ಅದರ ಮುಖ್ಯ ಭಾಗ 27ನೇ ಬೆಂಗಳೂರು ಬ್ರಿಗೇಡ್. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೀಡುಬಿಟ್ಟಿದ್ದ ನಾರ್ತ್ ಲ್ಯಾಂಕಷೈರ್ ಪಡೆಯೂ ಅದರಲ್ಲಿತ್ತು. ಎದುರಿಗಿದ್ದ ಜರ್ಮನ್ ಪಡೆ ಸುಮಾರು ಸಾವಿರ ಜನ, ಅವರಲ್ಲಿ ಹೆಚ್ಚಿನವರು ಆಫ್ರಿಕನ್ ಸಿಪಾಯಿಗಳು. ಆದರೂ ಬ್ರಿಟಿಷರು ಸೋತರು. ಕಾಡು ಜೇನುಗಳು ಎದ್ದು ಕಚ್ಚಿದ್ದೂ ಆ ಕಥೆಯ ಭಾಗ. ಬಿಟ್ಟು ಓಡಿದ ಬಂದೂಕು, ಮೆಷಿನ್ ಗನ್, ಲಕ್ಷಗಟ್ಟಲೆ ಗುಂಡುಗಳು ಜರ್ಮನ್ ದಳಪತಿ ಪಾಲ್ ಫಾನ್ ಲೆಟ್ಟೊ-ಫೋರ್ಬೆಕ್‌ನ ಕೈ ಸೇರಿದವು. ಆತ ಆಮೇಲೆ ನಾಲ್ಕು ವರ್ಷ ಯುದ್ಧ ನಡೆಸಿದ. ಟಾಂಗಾದಲ್ಲಿ ಆ ಸೋಲು ಆಗದೆ ಇದ್ದಿದ್ದರೆ ನನ್ನ ಬಳಿಯ ನೋಟು ಬಹುಶಃ ಹುಟ್ಟುತ್ತಲೇ ಇರಲಿಲ್ಲ.

ಸೈನಿಕರಿಗೆ ಸಂಬಳ ಕೊಡಬೇಕು. ಹೊರೆಯಾಳುಗಳಿಗೆ ಕೂಲಿ ಕೊಡಬೇಕು. ಜೋಳ, ಅಕ್ಕಿ, ದನ ಕೊಳ್ಳಬೇಕು. ಯುದ್ಧ ಬಂದಾಗ ಜನ ಎಲ್ಲ ಕಡೆ ಮಾಡುವುದನ್ನೇ ಅಲ್ಲೂ ಮಾಡಿದರು: ಬೆಳ್ಳಿ ನಾಣ್ಯವನ್ನು ಬಚ್ಚಿಟ್ಟರು. ಹಾಗಾಗಿ 1915ರಲ್ಲಿ ಬ್ಯಾಂಕು ಅಲ್ಲಿಯೇ, ಇದ್ದ ಅಚ್ಚುಯಂತ್ರಗಳಲ್ಲಿ, ತಾತ್ಕಾಲಿಕ ನೋಟು ಮುದ್ರಿಸಲು ಶುರು ಮಾಡಿತು. ಇವುಗಳ ಹೆಸರು ‘ಇಂಟರಿಮ್ಸ್ ಬಾಂಕ್‌ನೋಟೆ’. ಮೊದಲು 20 ರೂಪಾಯಿ, ಆಮೇಲೆ ಬೇರೆ ಮೊತ್ತಗಳು. ಕೊನೆಗೆ 1 ರೂಪಾಯಿಗೂ ಕಾಗದವೇ.

ಇದೇ ಯುದ್ಧದ ಬೆಳ್ಳಿ ಕೊರತೆ ನಮ್ಮಲ್ಲೂ ಆಯಿತು. ಭಾರತದ ಮೊದಲ ಒಂದು ರೂಪಾಯಿ ನೋಟು ಬಂದದ್ದು 1917ರ ನವೆಂಬರ್‌ನಲ್ಲಿ, ಐದನೇ ಜಾರ್ಜ್ ನಾಣ್ಯದ ಚಿತ್ರದೊಂದಿಗೆ. ಕಾಗದದ ಒಂದು ರೂಪಾಯಿ ವಿಷಯದಲ್ಲಿ ದಾರ್ ಎಸ್ ಸಲಾಮ್ ನಮಗಿಂತ ಎರಡು ವರ್ಷ ಮುಂದಿತ್ತು. ಈ ಎರಡು ನೋಟುಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಯುದ್ಧದ ಎರಡು ಬದಿ ಕಾಣುತ್ತದೆ. ನಮ್ಮ ನೋಟಿನಲ್ಲಿ ನೀರಚ್ಚು ಇದೆ, ಲಂಡನ್ನಿನ ಸಾಮ್ರಾಜ್ಯದ ಗತ್ತು ಇದೆ. ಅವರದ್ದು ಸುತ್ತ ಶತ್ರುಗಳಿರುವ ಊರಿನ ಅಚ್ಚುಕೂಟದ್ದು.

ನೋಟು ಏನು ಮಾತು ಕೊಡುತ್ತದೆ

ಈ ತಾತ್ಕಾಲಿಕ ನೋಟಿನ ಜರ್ಮನ್ ಬರಹ ಒಮ್ಮೆ ಅರ್ಥ ಮಾಡಿಕೊಂಡರೆ ಸಾಕು, ಎಲ್ಲ ನೋಟಿನಲ್ಲೂ ಹೆಚ್ಚುಕಡಿಮೆ ಅದೇ ಇದೆ. ಅದು ಹೇಳುವುದು ಇಷ್ಟು: ಈ ನೋಟು ತಂದುಕೊಟ್ಟವರಿಗೆ, ನೀವು ಯಾರು ಎಂದು ಕೇಳದೆ, ಜರ್ಮನ್ ಪೂರ್ವ ಆಫ್ರಿಕಾದೊಳಗಿನ ತನ್ನ ಕಚೇರಿಗಳಲ್ಲಿ ಬ್ಯಾಂಕು ಒಂದು ರೂಪಾಯಿ ಕೊಡುತ್ತದೆ.

‘ತನ್ನ ಕಚೇರಿಗಳಲ್ಲಿ’ ಎಂಬ ಮಾತನ್ನು ಹಿಡಿದುಕೊಳ್ಳಿ. ಕಚೇರಿ ಇರುವವರೆಗೆ ಮಾತ್ರ ಈ ಮಾತಿಗೆ ಬೆಲೆ. ಕೆಲವು ನೋಟುಗಳ ಮೇಲೆ ದಾರ್ ಎಸ್ ಸಲಾಮ್ ಜೊತೆ ತಬೋರಾ ಎಂಬ ಊರಿನ ಹೆಸರೂ ಇದೆ. ತಬೋರಾ ಒಳನಾಡಿನ ಊರು. ಬಂದರಿನಿಂದ ಹೊರಟ ಸೆಂಟ್ರಲ್ ರೈಲುಮಾರ್ಗ ಅದರ ಮೂಲಕ ಹಾದು ಟಾಂಗನ್ಯೀಕಾ ಸರೋವರದ ದಡ ಮುಟ್ಟುತ್ತದೆ. ಬಂದರು ಅಪಾಯದಲ್ಲಿದ್ದಾಗ ಆಡಳಿತ ಅಲ್ಲಿಗೆ ಸರಿಯಿತು. ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲೇ 1916ರಲ್ಲಿ ನಾಣ್ಯಗಳನ್ನೂ ಒತ್ತಿದರು. ಹಿತ್ತಾಳೆಯ ಹೆಲ್ಲರ್‌ಗಳು, ಮತ್ತು ಸೊಂಡಿಲೆತ್ತಿದ ಆನೆ ಇರುವ ಚಿನ್ನದ 15 ರೂಪಾಯಿ. ಚಿನ್ನ ಸೆಕೆಂಕೆ ಗಣಿಯದ್ದು. ಒತ್ತಿದ್ದು 16,198 ನಾಣ್ಯ ಮಾತ್ರ. ಆಫ್ರಿಕಾದ ನಾಣ್ಯಗಳಲ್ಲಿ ಇಷ್ಟು ಆಸೆ ಹುಟ್ಟಿಸುವಂಥದ್ದು ಕಡಿಮೆ. ಬೆಲೆಯೂ ಹಾಗೇ ಇದೆ.

1916ರ ಸೆಪ್ಟೆಂಬರ್ ಆ ಆಡಳಿತಕ್ಕೆ ದೊಡ್ಡ ಪೆಟ್ಟು ಕೊಟ್ಟ ತಿಂಗಳು. ತಿಂಗಳ ಶುರುವಿನಲ್ಲಿ ದಾರ್ ಎಸ್ ಸಲಾಮ್ ಬ್ರಿಟಿಷರಿಗೆ ಹೋಯಿತು. 19ರಂದು ತಬೋರಾ ಬೆಲ್ಜಿಯನ್ನರಿಗೆ ಹೋಯಿತು. ನೋಟಿನ ಮೇಲೆ ಅಚ್ಚಾಗಿದ್ದ ಎರಡು ಊರುಗಳೂ ಹೋದವು. ಆದರೆ ಸೇನೆ ಇನ್ನೂ ಇತ್ತು. ಅದು ದಕ್ಷಿಣದ ಕಾಡಿನತ್ತ ಸರಿಯಿತು. ಆ ಸೇನೆಗೆ ಹಣ ಬೇಕಿತ್ತು.

ಬುಶ್ ನೋಟು

1917ರ ನೋಟುಗಳನ್ನು ಸಂಗ್ರಾಹಕರು ‘ಬುಶ್‌ನೋಟೆನ್’ ಅನ್ನುತ್ತಾರೆ. ಕಾಡಿನ ನೋಟುಗಳು ಅಂತ ಅರ್ಥ. ಇವುಗಳಿಗೆ ಅಚ್ಚುಯಂತ್ರ ಇರಲಿಲ್ಲ. ಮಕ್ಕಳ ಆಟದ ರಬ್ಬರ್ ಅಕ್ಷರಗಳ ಪೆಟ್ಟಿಗೆ ಇತ್ತು. ಒಂದೊಂದೇ ಅಕ್ಷರ ಜೋಡಿಸಿ, ಶಾಯಿಯ ಪ್ಯಾಡಿನ ಮೇಲೆ ಒತ್ತಿ, ಕಾಗದದ ಮೇಲೆ ಹಾಕಿ ಹಣ ಮಾಡಿದರು. ಸಾಲುಗಳು ನೇರ ಇಲ್ಲ. ಕೆಲವು ಅಕ್ಷರ ಗಾಢ, ಕೆಲವು ಮಸುಕು. ಎರಡು ನೋಟು ಒಂದೇ ಥರ ಇರುವುದಿಲ್ಲ.

ಜಗತ್ತಿನ ನೋಟುಗಳ ಇತಿಹಾಸದಲ್ಲಿ ನನಗೆ ಇದಕ್ಕಿಂತ ಹೆಚ್ಚು ಕಾಡಿದ ವಸ್ತು ಇಲ್ಲ. ಹನ್ನೆರಡು ವರ್ಷದ ಕೆಳಗೆ ಲೈಪ್ಜಿಗ್‌ನಲ್ಲಿ ಸಿಂಹ ಕೊರೆಸಿದ ಬ್ಯಾಂಕು ಇದು. ಈಗ ಅದರ ಹೆಸರನ್ನು ಮಕ್ಕಳ ರಬ್ಬರ್ ಅಚ್ಚಿನಲ್ಲಿ ಒತ್ತುತ್ತಿದ್ದಾರೆ. ಆದರೂ ಬರಹ ಬಿಟ್ಟಿಲ್ಲ, ಮೊತ್ತ ಬಿಟ್ಟಿಲ್ಲ, ಸಹಿ ಬಿಟ್ಟಿಲ್ಲ. ಹಣ ಎಂದರೆ ಕೊನೆಗೆ ಒಂದು ಸಹಿ ಮತ್ತು ಅದನ್ನು ನಂಬುವ, ಅಥವಾ ನಂಬಲೇಬೇಕಾದ, ಒಬ್ಬ ಮನುಷ್ಯ.

ನಂಬಲೇಬೇಕಾದವರು ಯಾರು ಅನ್ನುವುದೂ ಮುಖ್ಯ. ಬಂದೂಕು ಹಿಡಿದ ಸೇನೆ ಊರಿಗೆ ಬಂದು ಜೋಳ ಕೇಳುತ್ತದೆ. ಬದಲಿಗೆ ಇಂಥ ಕಾಗದ ಕೊಟ್ಟರೆ ರೈತ ಏನು ಮಾಡಬಲ್ಲ? 1917ರ ನವೆಂಬರ್ ಕೊನೆಗೆ ಆ ಸೇನೆ ರುವುಮಾ ನದಿ ದಾಟಿ ಪೋರ್ಚುಗೀಸರ ಮೊಜಾಂಬಿಕ್‌ಗೆ ಹೋಯಿತು. ಕಾಗದ ಹಿಂದೆ ಉಳಿಯಿತು. ಯುರೋಪಿನಲ್ಲಿ ಯುದ್ಧ ನಿಂತು ಎರಡು ವಾರ ಆದ ಮೇಲೆ, 25 ನವೆಂಬರ್ 1918ರಂದು, ಇಂದಿನ ಜಾಂಬಿಯಾದ ಅಬರ್‌ಕಾರ್ನ್‌ನಲ್ಲಿ ಲೆಟ್ಟೊ-ಫೋರ್ಬೆಕ್ ಶರಣಾದ. ಜರ್ಮನಿಯಲ್ಲಿ ಅವನನ್ನು ಸೋಲದ ವೀರ ಅಂತ ಬಹಳ ಕಾಲ ಹೊಗಳಿದರು. ಆ ಯುದ್ಧದಲ್ಲಿ ಹೊರೆ ಹೊತ್ತ ಎರಡೂ ಕಡೆಯ ಆಫ್ರಿಕನ್ನರ ಲೆಕ್ಕ ಲಕ್ಷಗಳಲ್ಲಿದೆ. ಅವರಲ್ಲಿ ಎಷ್ಟೋ ಜನ ರೋಗದಿಂದ, ಹಸಿವಿನಿಂದ ದಾರಿಯಲ್ಲೇ ಸತ್ತರು.

ಕೈಗೆ ಬಂದಾಗ ಏನು ನೋಡಬೇಕು

ಈಗ ಸಂಗ್ರಹದ ವಿಷಯಕ್ಕೆ ಬರುತ್ತೇನೆ. ಶುರು ಮಾಡುವವರಿಗೆ ನನ್ನ ಸಲಹೆ 1915 ಅಥವಾ 1916ರ ಒಂದು ರೂಪಾಯಿ ತಾತ್ಕಾಲಿಕ ನೋಟು. ಇದು ಸಾಕಷ್ಟು ಸಂಖ್ಯೆಯಲ್ಲಿ ಅಚ್ಚಾಗಿದೆ, ಸಾಕಷ್ಟು ಉಳಿದಿದೆ. ಸಾಮಾನ್ಯ ಸಂಬಳದವರೂ ಕೊಳ್ಳಬಹುದು. ಮುಂದಿನ ಹೆಜ್ಜೆ 1905ರ 5 ರೂಪಾಯಿ. ಬುಶ್ ನೋಟನ್ನು ಕಣ್ಣು ಪಳಗಿದ ಮೇಲೆ ಮಾತ್ರ ಮುಟ್ಟಿ.

ಮೊದಲು ದಿನಾಂಕ ಓದಿ. ಜರ್ಮನ್ ನೋಟಿನಲ್ಲಿ ದಿನ, ತಿಂಗಳು, ವರ್ಷ ಹೀಗೆ ನಮ್ಮ ಕ್ರಮದಲ್ಲೇ ಇರುತ್ತದೆ. ಆಮೇಲೆ ಮೊತ್ತ. ‘ಐನೆ’ ಒಂದು, ‘ಫ್ಯುನ್ಫ್’ ಐದು, ‘ಝೇನ್’ ಹತ್ತು, ‘ಝ್ವಾನ್‌ಝಿಗ್’ ಇಪ್ಪತ್ತು, ‘ಫ್ಯುನ್ಫ್‌ಝಿಗ್’ ಐವತ್ತು. ಬಳಿಕ ಕ್ರಮಸಂಖ್ಯೆ ಮತ್ತು ಸರಣಿಯ ಅಕ್ಷರ. ತಾತ್ಕಾಲಿಕ ನೋಟುಗಳ ಒಳಭೇದಗಳೆಲ್ಲ ಇಂಥ ಸಣ್ಣ ಗುರುತುಗಳಲ್ಲಿವೆ: ಅಕ್ಷರ ಯಾವುದು, ಅದು ಎಲ್ಲಿದೆ, ಹಿಂಬದಿಯಲ್ಲಿ ಹದ್ದಿನ ಮುದ್ರೆ ಹೇಗಿದೆ. ಇದು ತಲೆನೋವಿನ ಕೆಲಸ ಅನಿಸಬಹುದು. ಆದರೆ ಭೂತಗನ್ನಡಿ ಹಿಡಿದು ಒಂದು ಸಂಜೆ ಕೂತರೆ ಸಮಯ ಹೋದದ್ದೇ ಗೊತ್ತಾಗುವುದಿಲ್ಲ.

ಡೀಲರ್‌ಗಳು ‘ಪಿಕ್ ನಂಬರ್’ ಅನ್ನುತ್ತಾರೆ. ಆಲ್ಬರ್ಟ್ ಪಿಕ್ ಎಂಬ ಜರ್ಮನ್ ಸಂಗ್ರಾಹಕರು ಜಗತ್ತಿನ ನೋಟುಗಳಿಗೆಲ್ಲ ದೇಶವಾರು ಸಂಖ್ಯೆ ಕೊಟ್ಟರು. ಅವರ ಸಂಗ್ರಹ ಎಷ್ಟು ದೊಡ್ಡದಿತ್ತು ಅಂದರೆ ಮ್ಯೂನಿಕ್‌ನ ಒಂದು ಬ್ಯಾಂಕು ಅದನ್ನು ಕೊಂಡಿತು. ಹೆಚ್ಚಿನ ಕಡೆ ನೋಟಿನ ಗುರುತು ಈ ಸಂಖ್ಯೆಯಿಂದಲೇ. ಜರ್ಮನ್ ಮಾರಾಟಗಾರರು ಜರ್ಮನ್ ನೋಟುಗಳ ಕ್ಯಾಟಲಾಗಾದ ‘ರೋಸೆನ್‌ಬರ್ಗ್’ ಸಂಖ್ಯೆ ಬಳಸುತ್ತಾರೆ. ಎರಡನ್ನೂ ಬರೆದಿಟ್ಟುಕೊಂಡರೆ ಮುಂದೆ ಗೊಂದಲ ಇಲ್ಲ.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ತಾತ್ಕಾಲಿಕ ನೋಟುಗಳಿಗೆ ಕೈಗೆ ಸಿಕ್ಕಿದ ಕಾಗದವೆಲ್ಲ ಬಳಸಿದ್ದಾರೆ. ಕೆಲವು ತೆಳು, ಕೆಲವು ಪೊಟ್ಟಣ ಕಟ್ಟುವ ಕಾಗದದ ಹಾಗೆ ದಪ್ಪ ಮತ್ತು ಕಂದು. ದಿನಾಂಕ ಮುಂದೆ ಹೋದ ಹಾಗೆ ಕಾಗದ ಬಡವಾಗುವುದು ಬೆರಳಿಗೇ ಗೊತ್ತಾಗುತ್ತದೆ. ಕವರಿನಿಂದ ಹೊರತೆಗೆದು ನೋಡಲು ಮಾರುವವರು ಬಿಟ್ಟರೆ ಒಳ್ಳೆಯದು. ಬಿಡದಿದ್ದರೆ ಅಂಚಿನ ಹತ್ತಿರದ ಫೋಟೊ ಕೇಳಿ.

ಸಹಿಗಳು ಕೈಬರಹ. ಭೂತಗನ್ನಡಿಯಲ್ಲಿ ಶಾಯಿ ಕಾಗದದ ನಾರಿನೊಳಗೆ ಹರಡಿದ್ದು ಕಾಣಬೇಕು. ಅದ್ದಿ ಬರೆಯುವ ಲೇಖನಿಯ ಗೆರೆ ಒತ್ತಿದ ಕಡೆ ಅಗಲ, ಬಿಟ್ಟ ಕಡೆ ತೆಳು. ಇವತ್ತಿನ ಪ್ರಿಂಟರಿನ ನಕಲಾದರೆ ಸಹಿಯೂ ಅಕ್ಷರವೂ ಸಣ್ಣ ಸಣ್ಣ ಚುಕ್ಕೆಗಳಾಗಿ ಕಾಣುತ್ತವೆ. ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ ನೋಟಾದರೆ ಅಕ್ಷರದ ಅಂಚಿನಲ್ಲಿ ಶಾಯಿ ಸ್ವಲ್ಪ ಹಿಂಡಿದಂತೆ ಗಾಢವಾಗಿರುತ್ತದೆ. ಹಿಂಬದಿ ಸವರಿದರೆ ಒತ್ತಿದ ಗುರುತು ತಾಗುವುದೂ ಉಂಟು. ನೇರಳಾತೀತ ದೀಪ ಇದ್ದರೆ ಇನ್ನೂ ಒಳ್ಳೆಯದು. ಈಗಿನ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುತ್ತಾರೆ, ಅದು ದೀಪದ ಕೆಳಗೆ ನೀಲಿಯಾಗಿ ಬೆಳಗುತ್ತದೆ. 1915ರ ಕಾಗದ ಹಾಗೆ ಬೆಳಗಬಾರದು.

ಬುಶ್ ನೋಟಿನ ಕಷ್ಟ ಇಲ್ಲಿದೆ. ರಬ್ಬರ್ ಅಚ್ಚಿನ ನೋಟನ್ನು ರಬ್ಬರ್ ಅಚ್ಚಿನಿಂದಲೇ ನಕಲು ಮಾಡಬಹುದು. ಹಳೇ ಲೆಕ್ಕದ ಪುಸ್ತಕದಿಂದ ಖಾಲಿ ಹಾಳೆ ಹರಿದರೆ ಕಾಗದವೂ ಸಿಕ್ಕಿತು. ಹಾಗಾಗಿ ಅದನ್ನು ಗೊತ್ತಿರುವ ಹರಾಜು ಮನೆಯಿಂದ, ಇಲ್ಲವೇ ಗ್ರೇಡ್ ಮಾಡಿ ಸೀಲ್ ಹಾಕಿದ ಕವರಿನಲ್ಲಿ ಕೊಳ್ಳುವುದು ಕ್ಷೇಮ. ಅದು ಯಾರ ಸಂಗ್ರಹದಿಂದ ಬಂತು, ಹಿಂದೆ ಯಾವ ಹರಾಜಿನಲ್ಲಿತ್ತು ಎಂದು ಕೇಳಲು ಸಂಕೋಚ ಬೇಡ. ನಾನು ಒಮ್ಮೆ ಆನ್‌ಲೈನಿನಲ್ಲಿ ಫೋಟೊ ನೋಡಿ, ಏನೂ ಕೇಳದೆ ಒಂದು ಕೊಂಡೆ. ಬಂದದ್ದು ದೀಪದ ಕೆಳಗೆ ನೀಲಿ ಬೆಳಗಿತು. ಹಣ ವಾಪಸ್ ಬರಲಿಲ್ಲ. ಆ ನಕಲನ್ನು ಅಸಲಿ ನೋಟುಗಳ ಜೊತೆಗೆ ಇಟ್ಟಿಲ್ಲ, ಹಿಂದೆ ‘ನಕಲು’ ಎಂದು ಪೆನ್ಸಿಲಿನಲ್ಲಿ ಬರೆದು ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ನನ್ನ ನಂತರ ಯಾರಿಗೂ ಅದು ಅಸಲಿ ಅಂತ ಮಾರಾಟ ಆಗಬಾರದು.

ಗ್ರೇಡ್ ಬಗ್ಗೆ ಒಂದೇ ಮಾತು. ನೋಟು ಲೋಕದಲ್ಲಿ ಮಡಿಕೆಯಿಲ್ಲದ ಹೊಸ ನೋಟಿಗೆ ಅಂದರೆ ‘ಯುಎನ್‌ಸಿ’ಗೆ ಬೆಲೆ ಜಾಸ್ತಿ. ಆದರೆ ಈ ವಸಾಹತಿನ ನೋಟುಗಳಲ್ಲಿ ನನಗೆ ಇಷ್ಟ ಮಡಿಕೆ ಬಿದ್ದವು, ಬೆವರು ಹಿಡಿದವು. ಹೊಸದಾಗಿ ಉಳಿದ ನೋಟು ಬ್ಯಾಂಕಿನ ಪೆಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಕ್ಕಿಲ್ಲ. ನಾಲ್ಕು ಮಡಿಕೆಯ ನೋಟು ಯಾರದೋ ಸೊಂಟದ ಗಂಟಿನಲ್ಲಿ ಇತ್ತು. ಮಾರುವ ಲೆಕ್ಕ ಇರುವವರು ನನ್ನ ಮಾತು ಕೇಳಬೇಡಿ.

ನಮ್ಮ ಹವೆಯಲ್ಲಿ ಉಳಿಸಿಕೊಳ್ಳುವುದು

ಮಂಗಳೂರು, ಕಾರವಾರದ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ಬೂಸ್ಟು ಹಿಡಿಯುತ್ತದೆ, ಬೆಳ್ಳಿಮೀನು ಎಂಬ ಹುಳ ಅಂಚು ತಿನ್ನುತ್ತದೆ. ನೋಟನ್ನು ಅಗ್ಗದ ಪಿವಿಸಿ ಕವರಿನಲ್ಲಿ ಇಡಬೇಡಿ. ಅದು ವರ್ಷಗಳಲ್ಲಿ ಜಿಗುಟಾಗಿ ಶಾಯಿಯನ್ನೂ ಕಾಗದವನ್ನೂ ಕೆಡಿಸುತ್ತದೆ. ಮೈಲಾರ್ ಎಂದು ಕೇಳಿದರೆ ಸಿಗುವ ಪಾಲಿಯೆಸ್ಟರ್ ಕವರ್ ತನ್ನಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ತೆಗೆದು ನೋಡಿ, ಆದರೆ ಬಿಸಿಲಿಗೆ ಹಾಕಬೇಡಿ.

ಲ್ಯಾಮಿನೇಷನ್ ಮಾಡಿಸಲೇಬೇಡಿ. ನಮ್ಮಲ್ಲಿ ಅಜ್ಜನ ಕಾಲದ ನೋಟು ಸಿಕ್ಕಿದ ಕೂಡಲೇ ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಆ ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪು, ಇಸ್ತ್ರಿ, ಸೋಪಿನ ನೀರು ಎಲ್ಲವೂ ಹಾಗೇ. ಹರಿದಿದ್ದರೆ ಹರಿದ ಹಾಗೇ ಇರಲಿ.

ಆಮೇಲೆ ಏನಾಯಿತು

ಯುದ್ಧದ ನಂತರ ಈ ನಾಡು ಹಂಚಿಹೋಯಿತು. ರುವಾಂಡಾ, ಬುರುಂಡಿ ಬೆಲ್ಜಿಯಂಗೆ, ಉಳಿದದ್ದು ಟಾಂಗನ್ಯೀಕಾ ಎಂಬ ಹೆಸರಲ್ಲಿ ಬ್ರಿಟನ್ನಿಗೆ. ಬ್ರಿಟಿಷ್ ಪೂರ್ವ ಆಫ್ರಿಕಾದಲ್ಲೂ ಅಲ್ಲಿಯವರೆಗೆ ರೂಪಾಯಿಯೇ ಇತ್ತು. ಯುದ್ಧದ ಹೊತ್ತಿಗೆ ಬೆಳ್ಳಿಯ ಬೆಲೆ ಏರಿ ರೂಪಾಯಿಯೂ ಏರಿತು. ಸಾಲ ಮಾಡಿದ್ದ ಬಿಳಿಯ ತೋಟಗಾರರು ಕೂಗಾಡಿದರು. 1920ರಲ್ಲಿ ರೂಪಾಯಿಯ ಬದಲಿಗೆ ಫ್ಲೋರಿನ್ ಎಂಬ ಹೊಸ ಹಣ ಬಂತು, ಅದು ನಿಲ್ಲಲಿಲ್ಲ. ಅದರ ಬೆನ್ನಿಗೇ ಶಿಲಿಂಗ್ ಬಂತು. 1920ರ ಫ್ಲೋರಿನ್ ನೋಟುಗಳು ತುಂಬಾ ಅಪರೂಪ. ಜಂಜಿಬಾರಿನಲ್ಲಿ ಮಾತ್ರ ರೂಪಾಯಿ 1936ರವರೆಗೂ ಉಳಿಯಿತು. ಅಲ್ಲಿನ ನೋಟುಗಳ ಮೇಲೆ ಇಂಗ್ಲಿಷ್ ಮತ್ತು ಅರಬ್ಬಿಯ ಜೊತೆ ಗುಜರಾತಿ ಲಿಪಿಯೂ ಇದೆ, ಹಾಯಿ ಹಡಗಿನ ಚಿತ್ರವೂ ಇದೆ. ಸಿಗುವುದು ಕಷ್ಟ. ಚಿತ್ರವನ್ನಾದರೂ ಹುಡುಕಿ ನೋಡಿ.

ಟಾಂಗನ್ಯೀಕಾ 1961ರಲ್ಲಿ ಸ್ವತಂತ್ರವಾಯಿತು. ಜಂಜಿಬಾರ್ ಸೇರಿ ಟಾಂಜಾನಿಯಾ ಆದ ಮೇಲೆ, 1966ರಲ್ಲಿ ಅದರದ್ದೇ ಬ್ಯಾಂಕು, ಅದರದ್ದೇ ಶಿಲಿಂಗ್ ಬಂತು. ಆ ಮೊದಲ ನೋಟುಗಳಲ್ಲಿ ಜೂಲಿಯಸ್ ನ್ಯೆರೆರೆ ಇದ್ದಾರೆ. ಅವು ಸುಲಭವಾಗಿ ಸಿಗುತ್ತವೆ. ನನ್ನ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಅವೇ ಇವೆ. ಕೈಸರ್, ಹದ್ದು, ಬ್ರಿಟಿಷ್ ರಾಜರು, ಆಮೇಲೆ ಅದೇ ನೆಲದಲ್ಲಿ ಹುಟ್ಟಿದ ಮೇಷ್ಟ್ರು. ನ್ಯೆರೆರೆಯನ್ನು ಅಲ್ಲಿನ ಜನ ‘ಮ್ವಾಲಿಮು’ ಅನ್ನುತ್ತಾರೆ, ಮೇಷ್ಟ್ರು ಅಂತಲೇ ಅರ್ಥ.

ದಾರ್ ಎಸ್ ಸಲಾಮ್‌ನಲ್ಲಿ ಕಾರಿಯಾಕೂ ಎಂಬ ದೊಡ್ಡ ಸಂತೆ ಇದೆ. ಬ್ರಿಟಿಷ್ ಸೇನೆಯ ಹೊರೆಯಾಳುಗಳ ಪಡೆಗೆ ಕ್ಯಾರಿಯರ್ ಕೋರ್ ಎಂದು ಹೆಸರಿತ್ತು, ಅದೇ ಜನರ ಬಾಯಲ್ಲಿ ಕಾರಿಯಾಕೂ ಆಯಿತು. ಆ ಸಂತೆಯಲ್ಲಿ ಹಣಕ್ಕೆ ಎರಡು ಪದ ಕೇಳುತ್ತವೆ. ಒಂದು ‘ಪೆಸಾ’, ಅದು ನಮ್ಮ ಪೈಸೆ. ಇನ್ನೊಂದು ‘ಹೇಲಾ’, ಅದು ಜರ್ಮನ್ನರ ಹೆಲ್ಲರ್.